ಒಗ್ಗರಣೆ ಸೌಟು

ಬ್ಯಾಲರಾಟಿನ ಜುಲೈ. ನಲ್ಲಿ ನೀರು ಮುಟ್ಟಿದರೆ
ಈ ಕೈ ನನ್ನದಲ್ಲ ಅನ್ನಿಸುವ ಚಳಿ.
ಚರ್ಚಿನ ಪಕ್ಕ, ಹಳೆ ಸಾಮಾನಿನ ಅಂಗಡಿಯಲ್ಲಿ
ಒಂಬತ್ತು ಡಾಲರಿಗೆ ಸಿಕ್ಕಿತು ಈ ಮೇಜಿನ ಒಲೆ:
ಮೇಲೆ ಕಾವಲಿ, ಕೆಳಗೆ ಕೆಂಪಗೆ ಕಾಯುವ ತಂತಿ,
ಅದರಡಿ ತೂರಿಸಲು ಅಂಗೈಯಗಲದ ಬಾಣಲೆಗಳು.
ಡಬ್ಬಿಯ ಮೇಲೆ ಎಂಟು ಅಂತಿತ್ತು,
ಎಣಿಸಿದರೆ ಏಳು.
ಇರಲಿ, ನಾವೂ ಏಳೇ ಜನ,
ಆಸ್ಪತ್ರೆಯ ಲಾಂಡ್ರಿಯಲ್ಲಿ ರಾತ್ರಿಪಾಳಿಯವರು,
ಒಬ್ಬರ ಮುಖ ಒಬ್ಬರು
ಹಗಲಲ್ಲಿ ಸರಿಯಾಗಿ ನೋಡದವರು.

ರೊವೀನಾ ಸಾಸೇಜು ತಂದಳು, ತುಯ್ ಅಣಬೆ,
ಸೆಫಿನಾ ಬೇಯಿಸಿದ ಆಲೂಗಡ್ಡೆ, ಸಿಪ್ಪೆ ಸಮೇತ,
ಟವೆಲಿನಲ್ಲಿ ಸುತ್ತಿ, ಕೂಸನ್ನು ತಂದ ಹಾಗೆ.
ಚೀಸು ನನ್ನದು. ದುಬಾರಿ. ಕಾಲುಚೀಲದ ವಾಸನೆ.
"ಕೆಟ್ಟಿದೆಯೇನೋ" ಅಂದೆ.
"ವಾಸನೆ ಹೀಗೇ" ಅಂದಳು ಮೊರೀನ್, "ರುಚಿ ಬೇರೆ."

ಪ್ಲಗ್ಗು ಚುಚ್ಚಿದ್ದೇ ತಡ, ಇಡೀ ಮನೆ ಕತ್ತಲೆ.
ಟಾರ್ಚು ಹಿಡಿದು ಬಂದ ಪಕ್ಕದ ಮನೆಯ ನೆವಿಲ್ ಅಜ್ಜ,
ಎಂಬತ್ತೆರಡರ ಮಾಜಿ ಎಲೆಕ್ಟ್ರಿಷಿಯನ್,
ಫ್ಯೂಜು ಕಟ್ಟಿ ತೀರ್ಪು ಕೊಟ್ಟ:
ಹಳೇ ಮನೆ, ಹಳೇ ತಂತಿ,
ಹೀಟರು ಬೇಕೋ ಚೀಸು ಬೇಕೋ, ಎರಡರಲ್ಲೊಂದು.
ಯಾರೂ ಓಟು ಹಾಕಲಿಲ್ಲ. ಸುಮ್ಮನೆದ್ದು
ಕೋಟು ಹಾಕಿಕೊಂಡು ಬಂದು ಕೂತರು.
ಅಜ್ಜ ಬಾಗಿಲಲ್ಲೇ ನಿಂತಿದ್ದ,
ಟೋಪಿ ಹಾಕುತ್ತ, ತೆಗೆಯುತ್ತ.

ಕುರ್ಚಿ ಸಿಕ್ಕಿತು. ಬಾಣಲೆ ಇಲ್ಲ.
ಡ್ರಾಯರಿನ ತಳದಿಂದ ತೆಗೆದೆ ಒಗ್ಗರಣೆ ಸೌಟು.
ತಂತಿಯಡಿ ತೂರಲಿಲ್ಲ ಅದರ ಹೊಟ್ಟೆ;
ಕಾವಲಿಯ ಮೇಲೇ ಕೂರಿಸಿದೆವು,
ಉದ್ದ ಹಿಡಿಗೆ ಎಲ್ಲರ ಮೊಣಕೈ ತಾಗುವಂತೆ.

ಏಳು ಬಾಣಲೆಯ ಚೀಸು ಮೊದಲು ಬೆವರಿತು,
ಆಮೇಲೆ ಮೂಲೆ ಮರೆತು, ನೊರೆದು, ಅಲ್ಲಲ್ಲಿ ಕಂದಿತು.
"ಈಗ ತೆಗಿ." "ಇನ್ನೂ ಇಲ್ಲ."
ಹದ ಅನ್ನುವುದಕ್ಕೆ ಇಂಗ್ಲಿಷು ಹುಡುಕಿ ಸೋತು
ಎರಡು ಬೆರಳ ನಡುವೆ ಎಳೆ ಎಳೆದು ತೋರಿಸಿದೆ,
ಬೆಲ್ಲದ ಪಾಕ ನೋಡುವ ಹಾಗೆ.
ಸುಟ್ಟಿತು.

ಬಡಿಸುವುದಕ್ಕೆ ಏನೂ ಇರಲಿಲ್ಲ.
ಎಷ್ಟು ಸಲ ಎದ್ದೆನೋ,
ಎದ್ದು, ಏನೂ ತೋಚದೆ, ಮತ್ತೆ ಕೂತೆ.
"ಕೂತ್ಕೋ" ಅಂದ ಅಜ್ಜ, "ನಿನ್ನ ಚೀಸು ಸೀಯುತ್ತಿದೆ."

ಸೀದದ್ದು ಅವನದೇ.
ಸೌಟಿನ ತಳ ಹಿಡಿದು ಗರಿಗರಿ ಹಕ್ಕಳೆ,
ಅದರೊಳಗೊಂದು ಸಾಸಿವೆ, ಯಾವ ಭಾನುವಾರದ್ದೋ.
ಕಡಿದ. ನಿಂತ. "ಏನಿದು?"
"ಒಗ್ಗರಣೆ."
"ಒಗ್ರಾನೀ," ಅಂದ ಗಂಭೀರವಾಗಿ, "ಇಟಲಿಯದಾ?"
ನಕ್ಕು ಸುಧಾರಿಸಿಕೊಳ್ಳುವಷ್ಟರಲ್ಲಿ
ತಂತಮ್ಮ ಬಾಣಲೆ ಬಿಟ್ಟು ಎಲ್ಲರ ಚಮಚವೂ
ಅದೇ ಸೌಟಿನಲ್ಲಿ, ಕೆರಕೆರ ಕೆರಕೆರ.

ಬೆಳಗ್ಗೆ ಬಾಣಲೆಗಳು ಸಲೀಸಾಗಿ ತೊಳೆದುಹೋದವು.
ಸೌಟು ಮಾತ್ರ
ಬಿಸಿನೀರಿನಲ್ಲಿ ಇನ್ನೂ ನೆನೆಯುತ್ತಿದೆ.