ಅಡ್ಡಗಲ್ಲು

ದೋಣಿಗಾಲಿನ ಟೀ ಆಯಿತಲ್ಲ, ಧರಣೇಶ,
ಲೋಟ ಇಟ್ಟು ಬಾ. ಹತ್ತೂ ಗಾಲಿ ಬಡಿದು ನೋಡು.
ಕಣ್ಣಳತೆ ಸಾಲದು, ಕಬ್ಬಿಣದಲ್ಲಿ ಬಡಿ.
ತುಂಬಿದ ಟೈರು ಠಣ್ ಎಂದು ಓಗೊಡುತ್ತದೆ,
ಗಾಳಿ ಇಳಿದದ್ದು ಕೆಮ್ಮುತ್ತದೆ, ದೊಪ್.
ಜೋಡಿಯಲ್ಲಿ ಒಳಗಡೆಯದು ಮಹಾ ಸುಳ್ಳುಗಾರ,
ಪಕ್ಕದವನ ಹೆಗಲಿಗೆ ಭಾರ ಹಾಕಿ
ತಾನೂ ಹೊರುತ್ತಿರುವ ಹಾಗೆ ನಿಂತಿರುತ್ತದೆ.

ಬೆನ್ನ ಮೇಲೆ ಹದಿನಾರು ಟನ್ ಹಾಸನದ ಆಲೂಗಡ್ಡೆ.
ಮೂಟೆಯೊಳಗೆ ಕಣ್ಣುಮುಚ್ಚಿ ಕೂತಿದೆ ಅಂದುಕೊಂಡೆಯಾ?
ತಿರುವು ಬಂದರೆ ಅದಕ್ಕೂ ಒಂದು ಮನಸ್ಸು ಹುಟ್ಟುತ್ತದೆ,
ಹೊರಗಡೆಗೇ ವಾಲಬೇಕು ಅನ್ನುವ ಮನಸ್ಸು.
ಮಂಡಿಯ ಹಮಾಲಿ ಬಿಗಿದ ಹಗ್ಗ
ಇಲ್ಲಿಗೆ ಬರುವಷ್ಟರಲ್ಲಿ ಎರಡು ಬೆರಳು ಸಡಿಲ. ಮುಟ್ಟಿ ನೋಡು.

ಈಗ ಘಾಟಿ. ನ್ಯೂಟ್ರಲ್ ಮಾಡಬೇಡ.
ಡೀಸೆಲ್ ಉಳಿಯುತ್ತದೆ ಎಂದು ಸಾಹುಕಾರ ಹೇಳಿರುತ್ತಾನೆ,
ಬಾಯಿ ಬಿಟ್ಟಲ್ಲ, ಲೆಕ್ಕದ ಪುಸ್ತಕದಲ್ಲಿ.
ಹತ್ತುವಾಗಿನ ಗೇರೇ ಇಳಿಯುವಾಗಿನ ಗೇರು,
ನನ್ನ ಉಸ್ತಾದ್ ಹೇಳಿದ್ದು, ಇನ್ನೂ ಹಳಸಿಲ್ಲ.
ಬ್ರೇಕಿನ ಮೇಲೆ ಕಾಲಿಟ್ಟು ಸಂಸಾರ ಮಾಡಬೇಡ.
ಒತ್ತು, ಬಿಡು, ಉಳಿದದ್ದು ಎಂಜಿನ್ನಿಗೆ ಒಪ್ಪಿಸು.
ಲೈನರ್ ಕಾದರೆ ಮೊದಲು ಮೂಗಿಗೆ ಗೊತ್ತಾಗುತ್ತದೆ,
ಆಮೇಲೆ ಕಾಲಿಗೆ,
ಆಮೇಲೆ ಪೇಪರಿನವರಿಗೆ.

ಮುಂದಿನ ಟ್ಯಾಂಕರಿನ ಬೆನ್ನಿನ ಸಣ್ಣಕ್ಷರ ಓದಲಾದರೆ
ನೀನು ತೀರಾ ಹತ್ತಿರ ಇದ್ದೀಯ.
ಹತ್ತಿ ಬರುವವನಿಗೆ ದಾರಿ ಬಿಡು, ನಿಂತರೆ ಅವನು ಮತ್ತೆ ಏಳಲಾರ.
ಲೈಟು ತಗ್ಗಿಸು. ಕಣ್ಣು ಕುಕ್ಕಿದವನು ಬರುವುದು ನಿನ್ನ ಮೈಮೇಲೇ.
ನಿದ್ದೆ ಬಂದರೆ ಹಾಡು ಹಾಕಬೇಡ, ಗಾಡಿ ಹಾಕು, ಪಕ್ಕಕ್ಕೆ.
ಎಲೆಯಡಿಕೆ, ಮುಖಕ್ಕೆ ನೀರು, ತೊಡೆಗೆ ಚಿವುಟು,
ಎಲ್ಲ ಮಾಡಿ ನೋಡಿದವನು ನಾನು.
ನಿದ್ದೆ ಕಣ್ಣು ತೆರೆದುಕೊಂಡೇ ಬರುತ್ತದೆ.

ಇಷ್ಟು ಯಾರು ಬೇಕಾದರೂ ಹೇಳುತ್ತಾರೆ.
ಇನ್ನೊಂದಿದೆ.

ನನಗಾಗ ಇಪ್ಪತ್ತಮೂರು, ನಿನ್ನದೇ ಪ್ರಾಯ.
ಮಾರನಹಳ್ಳಿ ಹತ್ತಿರ, ಏರಿನಲ್ಲಿ, ಆಕ್ಸಲ್ ಮುರಿಯಿತು.
ಜಾರದ ಹಾಗೆ ಹಿಂದಿನ ಗಾಲಿಗೆ ಕಲ್ಲು ಕೊಟ್ಟೆ,
ಎಮ್ಮೆಗರುವಿನ ತಲೆಯಷ್ಟು ದಪ್ಪ, ಒಳ್ಳೆ ಕಲ್ಲು.
ಒಂದು ರಾತ್ರಿ, ಅರ್ಧ ಹಗಲು
ಅದೇ ನನ್ನನ್ನು ಹಿಡಿದುಕೊಂಡಿತ್ತು.
ಸಕಲೇಶಪುರದ ಮೇಸ್ತ್ರಿ ಇಬ್ರಾಯಿ ಬಂದು ಕೂಡಿಸಿದ,
ಗೇರು ಬಿತ್ತು, ಗಾಡಿ ಎದ್ದಿತು,
ಖುಷಿಗೆ ಉದ್ದಕ್ಕೆ ಹಾರನ್ ಹೊಡೆದೆ.
ಕಲ್ಲು ಅಲ್ಲೇ ಇತ್ತು.

ಎರಡು ದಿನ ಬಿಟ್ಟು ಇಳಿಯುವಾಗ ಅದೇ ತಿರುವು.
ಟಾರಿನ ಮೇಲೆ ಸುಣ್ಣದ ಗೆರೆ.
ಮೋರಿಗೆ ಒರಗಿಸಿದ ಲೂನಾ,
ಅದರ ಹ್ಯಾಂಡಲಿನಲ್ಲಿ ಊಟದ ಡಬ್ಬಿಯ ಚೀಲ.
ಕಲ್ಲನ್ನು ಯಾರೋ ಪುಣ್ಯಾತ್ಮರು ಪಕ್ಕಕ್ಕೆ ಉರುಳಿಸಿದ್ದರು,
ಒಂದು ಮಗ್ಗುಲಲ್ಲಿ ನನ್ನ ಟೈರಿನ ಕಪ್ಪು ಹಾಗೇ ಇತ್ತು.
ನಾನು ನಿಲ್ಲಿಸಲಿಲ್ಲ.
ಗಂಡಸೋ ಹೆಂಗಸೋ, ಉಳಿದರೋ,
ಇವತ್ತಿನವರೆಗೆ ಯಾರನ್ನೂ ಕೇಳಿಲ್ಲ.

ಮೊನ್ನೆ ಯೂನಿಯನ್ನಿನವರು ಶಾಲು ಹೊದಿಸಿದರಲ್ಲ,
ಮೂವತ್ತೆಂಟು ವರ್ಷ, ಒಂದೂ ಆಕ್ಸಿಡೆಂಟ್ ಇಲ್ಲ ಎಂದು.
ಹೊದ್ದುಕೊಂಡೆ. ಚಪ್ಪಾಳೆ ಮುಗಿಯುವವರೆಗೂ ಹೊದ್ದುಕೊಂಡೇ ಇದ್ದೆ.

ನಿನ್ನ ಸೀಟಿನ ಹಿಂದೆ ಮರದ ಬೆಣೆ ಇದೆ, ಹೊನ್ನೆಯದು.
ಅದಕ್ಕೊಂದು ತೂತು, ತೂತಿಗೆ ಹಗ್ಗ.
ಗಾಲಿಗೆ ಕೊಟ್ಟಾಗ ಹಗ್ಗದ ತುದಿ ಚಾಸಿಗೆ ಕಟ್ಟು.
ನೀನು ಮರೆತರೂ ಅದು ಹಿಂದೆ ಬರುತ್ತದೆ,
ದಡಬಡ ಸದ್ದು ಮಾಡಿಕೊಂಡು, ಸಾಕಿದ ನಾಯಿಯ ಹಾಗೆ.
ಹುಡುಗರು ನಗುತ್ತಾರೆ. ನಗಲಿ.

ಹೂಂ, ಎರಡನೇ ಗೇರು. ಮಂಜು ಇದೆ,
ಎಡಗಡೆಯ ಬಿಳಿ ಗೆರೆ ಬಿಡಬೇಡ.
ನನ್ನ ಕಣ್ಣಿಗೆ ಪೊರೆ, ನಿನಗೆ ಕಾಣುತ್ತದಲ್ಲ,
ಆ ಮೋರಿ ಬಂದಾಗ ಹೇಳು.

ಬೇಡ ಬಿಡು, ನನಗೆ ಗೊತ್ತಾಗುತ್ತದೆ.