ಇನ್ನೊಂದು ಕಾಲು

ಜೆಲ್ ಬಾಟಲಿಯನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುತ್ತೇನೆ.
ಕಿಟಕಿಯಾಚೆ ಡುಲೂತಿನ ಸರೋವರ ಕಲ್ಲಾಗಿದೆ.
ಮಂಚದ ಮೇಲೆ ಆರ್ವೋ ಕಿನ್ನುನೆನ್,
ಅದಿರು ಹಡಗುಗಳಿಗೆ ಹದಿನಾಲ್ಕು ವರ್ಷ ಹಗ್ಗ ಬಿಗಿದವನು,
ಆಮೇಲೆ ಗೇಟು ಕಾದವನು.

ಮೀನಖಂಡ ಊದಿದೆ. ಒತ್ತಿದ ಬೆರಳಿನ ಗುಳಿ
ಹಾಗೇ ಉಳಿಯುತ್ತದೆ.
ಪರದೆಯ ಬೂದಿಬಣ್ಣದಲ್ಲಿ ರಕ್ತನಾಳ;
ಒತ್ತಿದರೆ ಮುಚ್ಚಿಕೊಳ್ಳಬೇಕು.
ಇದು ಮುಚ್ಚುವುದಿಲ್ಲ,
ಏನೋ ಹೇಳಹೊರಟ ಬಾಯಿಯಂತೆ ತೆರೆದೇ ಇದೆ.

ಡಾಕ್ಟರಿಗೆ ಫೋನು ಮಾಡಿದೆ. ಆಮೇಲೆ ಫಾರಂ.

ವಿಮಾ ಕಂಪನಿ ಹೇಳುತ್ತದೆ:
ಎರಡೂ ಕಾಲು ನೋಡಿದರೆ ಪೂರ್ಣ, ಒಂದೇ ಆದರೆ ಸೀಮಿತ,
ಸೀಮಿತಕ್ಕೆ ಕಾರಣ ಬೇಕು,
ನೋವು ಕಾರಣವಲ್ಲ.
ಊತವನ್ನು ಟೇಪು ಹಿಡಿದು ಅಳೆಯತಕ್ಕದ್ದು,
ಇನ್ನೊಂದು ಕಾಲಿಗಿಂತ
ಮೂರು ಸೆಂಟಿಮೀಟರು ಹೆಚ್ಚಿರತಕ್ಕದ್ದು.

ಇನ್ನೊಂದು ಕಾಲು ಎಂಬತ್ತೊಂದರ ನವೆಂಬರಿನಲ್ಲಿ
ಹಡಗಿಗೂ ಕಟ್ಟೆಗೂ ನಡುವೆ ಹೋಯಿತು.
ಅದರ ಬದಲಿ ಮೂಲೆಯ ಕುರ್ಚಿಗೆ ಒರಗಿ ನಿಂತಿದೆ,
ಬೂಟು, ಉಣ್ಣೆಯ ಕಾಲುಚೀಲ ಸಮೇತ,
ನನಗಿಂತ ಶಿಸ್ತಾಗಿ.

"ಅದನ್ನೇ ಅಳೆ," ಎಂದ ಆರ್ವೋ,
"ಇಷ್ಟು ವರ್ಷದಲ್ಲಿ ಒಂದು ದಿನ ಊದಿದ್ದಿಲ್ಲ."

ನಗಬಾರದಿತ್ತು. ನಕ್ಕೆ.
ಮಂಡಿಯೂರಿ ಕುಳಿತು ಟೇಪು ಸುತ್ತಿದೆ:
ಮೂವತ್ತನಾಲ್ಕು.
ಮಂಚದ ಮೇಲಿನದು ನಲವತ್ತೊಂದು.
ಖಾನೆ ತುಂಬಿದೆ. ಸುಳ್ಳೇನಲ್ಲ,
ಯಾವುದರಿಂದ ಮಾಡಿದ ಕಾಲು ಎಂದು
ಅವರು ಕೇಳಿಯೇ ಇಲ್ಲ.

ಹೊರಗೆ ಸ್ಟ್ರೆಚರಿನ ಗಾಲಿ ಸದ್ದು.
"ಅಲುಗಾಡಬೇಡ," ಎಂದೆ, "ಎದ್ದು ಎಲ್ಲೂ ಹೋಗಬೇಡ."
"ಎಲ್ಲಿಗೆ?" ಎಂದ.
"ಕಾಲು ನಿನ್ನ ಹತ್ತಿರ ಇದೆ."