ಕಿರ್ರನ್ನುವ ಜೋಡು

ಮೊಳೆ ಅಂಗುಲದ್ದು.
ಎಡಗಾಲಿನ ಚಪ್ಪಲಿ ತಳಾ ತೂರಿ ಮ್ಯಾಲ ಎದ್ದಿತ್ತು,
ತುದಿಗೆ ಒಣಗಿದ ಕಪ್ಪು.
ಪಟ್ಟಿ ಹರದೈತಿ, ಎರಡು ಹೊಲಿಗಿ ಹಾಕು ಅಂತ ಬಂದಾಕಿ ಗುತ್ತೆವ್ವ
ಮೊಳೆ ನೋಡಿ ನನ್ನಷ್ಟ ಬೆರಗಾದ್ಲು.
"ಯಾವಾಗ ಹೊಕ್ಕಿತ್ತೋ ಏನೋ, ನನಗ್ಯಾರೂ ಹೇಳಲಿಲ್ಲ" ಅಂದ್ಲು,
ತನ್ನ ಕಾಲು ಆಜೂಬಾಜೂ ಮನಿಯವರು ಅನ್ನೋ ಹಂಗ.

ಬ್ಯಾಡಗಿ ಬಸ್‌ಸ್ಟ್ಯಾಂಡಿನ ಎದುರು, ಬೇವಿನ ಗಿಡದ ಬುಡಕ
ನಮ್ಮಪ್ಪ ಕುಂತ ಜಾಗಾದಾಗ ನಾ ಕುಂತು ಮೂವತ್ತೊಂದು ವರ್ಷ.
ಮಾರಿ ನೋಡಿದರ ಹೆಸರು ನೆನಪಾಗೂದಿಲ್ಲ ನನಗ.
ಅಂಗಾಲು ತೋರಸ್ರಿ, ಯಾವ ಓಣಿ, ಯಾವ ಕೆಲಸ, ಹೇಳತೀನಿ.
ಗುತ್ತೆವ್ವನ ಹಿಮ್ಮಡ ಬ್ಯಾಸಗಿ ಎರಿಹೊಲ,
ಸೀಳಿನ ತುಂಬ ಕೆಂಪು ಪುಡಿ.
ದಿನಾ ಗೋದಾಮಿನಾಗ ಮೆಣಸಿನಕಾಯಿ ತುಂಬು ಬಿಡಿಸಿ,
ರಾಶಿ ಮ್ಯಾಲ ಬರಿಗಾಲಿಲೆ ಓಡ್ಯಾಡಿ ತುಂಬಿದ್ದು.

ಉರಿಯೂದಿಲ್ಲೇನ ಬೇ?

"ಮೊದಲ ಉರೀತಿತ್ತು. ರಾತ್ರಿ ಹಸಿ ಚೀಲ ಸುತ್ತಿಕೊಂಡು ಮಲಗತಿದ್ನಿ.
ಈಗ ಎರಡು ವರ್ಷ ಆತು,
ದೇವರು ದೊಡ್ಡಾಂವ, ತಣ್ಣಗ ಐತಿ."

ತಣ್ಣಗ.
ಕೈಯಾಗಿನ ಉಳಿ ಅಲ್ಲೇ ನಿಂತಿತು.
ನಮ್ಮಪ್ಪಗೂ ಹಿಂಗ ತಣ್ಣಗಾಗಿತ್ತು.
ಬೆರಳು ತಗದರು, ಆಮ್ಯಾಲ ಪಾದ, ಆಮ್ಯಾಲ ಮೊಣಕಾಲಿನ ಮಟ.
ಊರಿಗೆಲ್ಲಾ ಜೋಡು ಹೊಲಿದಾಂವ
ಕಡೀಕ ತನಗ ಒಂಟಿ ಚಪ್ಪಲಿ ಹೊಲಕೊಂಡ,
ಇನ್ನೊಂದರ ತೊಗಲು ಉಳೀತಲ್ಲ ಅಂತ ನಕ್ಕ.

ಪಟ್ಟಿ ಹೊಲೀಲಿಲ್ಲ ನಾ. ಮೊಳೆ ಕಾಗದದಾಗ ಕಟ್ಟಿ ಕೈಗೆ ಕೊಟ್ಟು
ಹಾವೇರಿ ದವಾಖಾನಿ ಬಸ್ಸಿಗೆ ಹತ್ತಿಸಿದೆ.

ತಿಂಗಳ ಮ್ಯಾಲ ಗಾಯ ಮಾದು ಬಂದ್ಲು, ಚೀಟಿ ತಂದ್ಲು:
ಮೆತ್ತನ್ನ ರಬ್ಬರು, ಹಿಂದ ಪಟ್ಟಿ,
ಮೊಳೆ ಬಡೀಬಾರದು, ಉಂಗುಟಕ್ಕ ಕುಣಿಕಿ ಬ್ಯಾಡ.
ಸಂಜಿಮುಂದ ಬಾ ಅಂದೆ, ಕಾಲು ಬಾತಾಗ ಅಳತಿ ಖರೇ ಇರತೈತಿ.
ಹಳೇ ಪೇಪರ್ ಹಾಸಿ, ಪಾದದ ಸುತ್ತ ಪೆನ್ಸಿಲ್ ತಿರುವಿದೆ.
ಎಂಥಾ ಗಟ್ಟಿ ಗಂಡಸೂ ಇಲ್ಲಿ ಕಚಗುಳಿಗೆ ಹೌಹಾರತಾನ.
ಆಕಿ ಶಿಗ್ಗಾವಿ ಬಸ್ಸಿನ ಬೋರ್ಡು ಓದಕೋತ ಕುಂತಿದ್ಲು.

ರೊಕ್ಕದ ಮಾತು ಮುಗದ ಮ್ಯಾಲ ಎದ್ದವಳು ಮತ್ತ ಕುಂತ್ಲು.
"ಸಪ್ಪಳ ಬರೂ ಹಂಗ ಮಾಡತಿಯೇನೊ?
ನಮ್ಮ ಮನಿಯವರು ಲಗ್ನದಾಗ ಮೆಟ್ಟಿದ್ರು, ಕಿರ್ರ ಕಿರ್ರ ಅಂತಿತ್ತು."
ಈ ವಯಸ್ಸಿನಾಗ ಏನು ಹುಕಿ ಬೇ ನಿನಗ, ಅಂದೆ.
"ಹುಕಿ ಅಲ್ಲೋ. ಕತ್ತಲದಾಗ ಎದ್ದರ
ಕಾಲು ನೆಲಕ್ಕ ಹತ್ತೇತೋ ಇಲ್ಲೋ ತಿಳಿಯವಲ್ದು.
ಕಿವಿಗಾದ್ರೂ ತಿಳೀಲಿ."

ಅಪ್ಪನ ವಿದ್ಯಾ ನನಗ ಗೊತ್ತು:
ಎರಡು ತೊಗಲಿನ ನಡುವ ನಾಕು ಬೀಜ ಇಟ್ಟು ಹೊಲಿದರ ಸಾಕು,
ಓಣಿಗೆಲ್ಲಾ ಕೇಳತೈತಿ.
ಆದರ ಈ ಕಾಲಿನ ಕೆಳಗ ಬೀಜಾನೂ ಮೊಳೆನ.
ಮೂರು ರಾತ್ರಿ ಹೊಲದೆ, ಬಿಚ್ಚಿದೆ.
ನಾಕನೇ ರಾತ್ರಿ ಹೊಳೀತು.
ಹಿಂದಿನ ಪಟ್ಟಿಗೆ, ಹೊರಮಗ್ಗಲಿಗೆ,
ಎಣ್ಣಿ ಕಾಣದ ಎರಡು ತೊಗಲಿನ ಚೂರು,
ಒಂದಕ್ಕೊಂದು ತಿಕ್ಕೂ ಹಂಗ, ಚರ್ಮಕ್ಕ ಹತ್ತದ ಹಂಗ.
ಮೆಟ್ಟೂಕಿಂತ ಮೊದಲ ಒಳಗ ಕೈ ಹಾಕಿ ನೋಡು ಅಂತ
ಮೂರು ಸಲ ಹೇಳಿದೆ. ನಾಕನೇ ಸಲಕ್ಕ ಬೈದ್ಲು.

ಈಗ ಪ್ಯಾಟಿ ದಿನ ಲಾರಿ ಹಾರ್ನು, ಹಮಾಲರ ಕೂಗು,
ಘಾಟಿಗೆ ಇಡೀ ಊರು ಸೀನತೈತಿ.
ಅದರ ನಡುವ ಕಿರ್ರ್, ಕಿರ್ರ್.
ತಲಿ ಎತ್ತೂದಿಲ್ಲ ನಾ. ಎಣಿಸತೀನಿ ಅಷ್ಟ.

ನಿನ್ನೆ ಬಲಗಾಲು ಮಾತಾಡಿತು. ಎಡಗಾಲು ಇಲ್ಲ.

ನಿಂದರ ಬೇ.
"ಹೊತ್ತಾಗೇತಿ, ಮುಕಾದಮ ಬೈತಾನ."
ಬೈಲಿ.
ಎಡಗಾಲು ತೊಡಿ ಮ್ಯಾಲ ಇಟಗೊಂಡೆ,
ಪಟ್ಟಿ ಸಡಲ ಮಾಡಿ,
ಚಸ್ಮಾ ಒರಿಸಿಕೊಂಡೆ.